ಕಲ್ಮನೆ

ಕಡೂರು ಸೀಮೆಯಲ್ಲಿ ಹಳೆಯ ಮನೆಯ ಅಳತೆ ಕೇಳಿದರೆ ಹಿರಿಯರು ಇವತ್ತಿಗೂ ಅಡಿಯ ಲೆಕ್ಕ ಹೇಳುವುದಿಲ್ಲ, ಅಂಕಣದ ಲೆಕ್ಕ ಹೇಳುತ್ತಾರೆ. ಆರಂಕಣದ ಮನೆ, ಒಂಬತ್ತಂಕಣದ ಮನೆ. ಕಂಬಗಳ ನಡುವಿನ ಜಾಗ ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಸಿಂಗಟಗೆರೆಯ ಬಯಲಲ್ಲಿ ಉಳಿದಿರುವ ಹಳೆಯ ತೊಟ್ಟಿಯಿಲ್ಲದ ಮನೆಗಳ ಕ್ರಮವೂ ಸರಳ: ಮುಂದೆ ಜಗುಲಿ, ಒಳಗೆ ನಡುಮನೆ, ಎಲ್ಲಕ್ಕೂ ಹಿಂದೆ ಬೆಳಕು ಕಡಿಮೆಯಿರುವ ದೇವರ ಕೋಣೆ. ಬೀರೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಯಲ್ಲಿಳಿದು, ಕೆಂಪು ಬೆಟ್ಟದ ಮೆಟ್ಟಿಲು ಹತ್ತಿ ಮೂರನೆಯ ಗುಹೆಯ ಮುಂದೆ ನಿಂತಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ದೇವರಲ್ಲ, ಈ ಕ್ರಮ. ಜಗುಲಿ, ನಡುಮನೆ, ದೇವರ ಕೋಣೆ. ಕಂಬ, ಬೋದಿಗೆ, ತೊಲೆ. ಎಲ್ಲವೂ ಒಂದೇ ಬಂಡೆ.

ಅದನ್ನು ಮಾಡಿಸಿದವರು ಅದಕ್ಕೆ ಇಟ್ಟ ಹೆಸರು ಗುಹೆ ಎಂದಲ್ಲ. ಆ ಗುಹೆಯಲ್ಲಿ ಎರಡು ಬರಹಗಳಿವೆ. ಸಂಸ್ಕೃತದ ಬರಹ ಅದನ್ನು ಮಹಾವಿಷ್ಣುವಿನ ಗೃಹ ಎನ್ನುತ್ತದೆ. ಕನ್ನಡದ ಪುಟ್ಟ ಬರಹ ಇನ್ನೂ ನೇರವಾಗಿ ‘ಕಲ್ಮನೆ’ ಎನ್ನುತ್ತದೆ. ಕಲ್ಲಿನ ಮನೆ. ಹಲ್ಮಿಡಿಯ ಶಾಸನದ ನಂತರ ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಚಾಲುಕ್ಯ ಮನೆತನದ ಮಂಗಲೇಶನ ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟದ್ದನ್ನೂ, ಅದರ ಹುಟ್ಟುವಳಿಯಲ್ಲಿ ದೇವರಿಗೆ ಹೂಮಾಲೆ ಕಟ್ಟುವವರಿಗೆ ಪಾಲಿರುವುದನ್ನೂ ಅದು ದಾಖಲಿಸುತ್ತದೆ. ಲಂಜಿಗೇಸರವನ್ನು ಮಹಾಕೂಟದ ಬಳಿಯ ಇಂದಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಜವಂಶದ ಹೊಗಳಿಕೆ, ಗೋತ್ರ, ಯಜ್ಞಗಳ ಪಟ್ಟಿ ಎಲ್ಲ ಸಂಸ್ಕೃತದಲ್ಲಿದೆ. ಹೂ ಕಟ್ಟುವವರ ಪಾಲು ಕನ್ನಡದಲ್ಲಿದೆ. ಆ ಪಾಲನ್ನು ಯಾರು ಓದಿ ತಿಳಿಯಬೇಕಿತ್ತೋ ಅವರ ಮಾತಿನಲ್ಲೇ ಅದನ್ನು ಕೊರೆದಿದ್ದಾರೆ.

ಸಂಸ್ಕೃತ ಶಾಸನದ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಕಾರ್ತಿಕ ಹುಣ್ಣಿಮೆ. ಮಂಗಲೇಶನ ಅಣ್ಣ, ಅರಸ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ. ಇಷ್ಟು ಖಚಿತವಾಗಿ ಕಾಲ ಹೇಳುವ ಗುಹಾಲಯ ಇಡೀ ದಖ್ಖನ್ನಿನಲ್ಲೇ ಅಪರೂಪ. ಅಜಂತಾ, ಎಲಿಫೆಂಟಾಗಳ ಕಾಲದ ಬಗ್ಗೆ ವಿದ್ವಾಂಸರು ದಶಕಗಳಿಂದ ವಾದಿಸುತ್ತಲೇ ಇದ್ದಾರೆ. ಆ ವಾದಗಳಿಗೆಲ್ಲ ಬಾದಾಮಿಯ ಈ ಒಂದು ದಿನ ಗೂಟದಂತೆ ನಿಂತಿದೆ. ಹಿಂದಿನದನ್ನೂ ಮುಂದಿನದನ್ನೂ ಇದಕ್ಕೆ ಕಟ್ಟಿಯೇ ಅಳೆಯುತ್ತಾರೆ.

ಕಥೆ ಅದಕ್ಕೂ ಮೂವತ್ತೈದು ವರ್ಷ ಹಿಂದೆ, ಬಾದಾಮಿಯ ಕೆರೆಯ ಆಚೆ ದಡದ ಬೆಟ್ಟದಲ್ಲಿ ಶುರುವಾಗುತ್ತದೆ. ಶಕ 465ರ, ಅಂದರೆ 543ರ ಒಂದು ಬಂಡೆ ಬರಹ ಅಲ್ಲಿದೆ. ಚಲುಕ್ಯ ವಲ್ಲಭೇಶ್ವರ, ಅಂದರೆ ಮೊದಲನೆಯ ಪುಲಕೇಶಿ, ವಾತಾಪಿಯ, ಅಂದರೆ ಬಾದಾಮಿಯ, ಬೆಟ್ಟವನ್ನು ಯಾರೂ ಗೆಲ್ಲಲಾಗದ ಕೋಟೆಯಾಗಿ ಮಾಡಿದನೆಂದು ಅದು ಸಾರುತ್ತದೆ. ಅಶ್ವಮೇಧ, ಹಿರಣ್ಯಗರ್ಭಗಳನ್ನೂ ಹೆಸರಿಸುತ್ತದೆ. ನಿನ್ನೆ ಮೊನ್ನೆ ತಲೆಯೆತ್ತಿದ ಮನೆತನಕ್ಕೆ ಈ ಯಜ್ಞಗಳೂ ಬೇಕಿದ್ದವು, ಆ ಕೋಟೆಯೂ ಬೇಕಿತ್ತು. ಬಾದಾಮಿಯನ್ನು ಆರಿಸಿದವನ ಕಣ್ಣು ಚುರುಕಾಗಿತ್ತು. ಎರಡು ಬೆಟ್ಟ, ನಡುವೆ ಕಣಿವೆ, ಕಣಿವೆಯ ಬಾಯಿಗೆ ಒಡ್ಡು ಹಾಕಿದರೆ ಕೆರೆ. ಮಲಪ್ರಭೆ ಕೆಲವೇ ಮೈಲಿ ದೂರ. ಆದರೆ ಪುಲಕೇಶಿ ಬಿಟ್ಟುಹೋದದ್ದು ಕೋಟೆ ಮಾತ್ರ. ಆ ಬೆಟ್ಟದಲ್ಲಿ ದೇವರಿಗೆ ಮನೆ ಮಾಡುವ ಕೆಲಸ ಅವನ ಮಕ್ಕಳ ಪಾಲಿಗೆ ಬಂತು.

ಹಿರಿಯ ಮಗ ಕೀರ್ತಿವರ್ಮ ಗೆದ್ದವನು. ಬನವಾಸಿಯ ಕದಂಬರು, ಕೊಂಕಣದ ಮೌರ್ಯರು, ನಳರು, ಈ ಮೂವರನ್ನು ಮುರಿದವನೆಂದು ಅವನ ಮಗನ ಕಾಲದ ಐಹೊಳೆ ಶಾಸನ ಹೇಳುತ್ತದೆ. ಕರಾವಳಿಯ ಸರಕು, ಬನವಾಸಿಯ ಸಿರಿ ಎರಡೂ ಬಾದಾಮಿಯ ಕಡೆ ತಿರುಗಿದವು. ತಮ್ಮ ಮಂಗಲೇಶ ಮಲತಾಯಿಯ ಮಗನೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಗೆದ್ದ ಹಣ ಎಲ್ಲಿಗೆ ಹೋಯಿತೆಂಬುದಕ್ಕೆ ಪೂರಾ ಲೆಕ್ಕ ಸಿಗಲಾರದು, ಒಂದು ಭಾಗ ಎಲ್ಲಿಗೆ ಹೋಯಿತೆಂಬುದನ್ನು ಮೂರನೆಯ ಗುಹೆ ತೋರಿಸುತ್ತದೆ.

ಬಂಡೆ ಕಡೆಯುವ ಕಸುಬು ಆಗ ಈ ನೆಲಕ್ಕೆ ಹೊಸದಿರಬಹುದು, ದಖ್ಖನ್ನಿಗೆ ಹೊಸದಲ್ಲ. ಬೌದ್ಧರು ಏಳೆಂಟು ನೂರು ವರ್ಷಗಳಿಂದ ಸಹ್ಯಾದ್ರಿಯ ಕಪ್ಪು ಬಂಡೆಯಲ್ಲಿ ಚೈತ್ಯ, ವಿಹಾರಗಳನ್ನು ತೆಗೆಯುತ್ತಿದ್ದರು. ಅಜಂತಾದ ಎರಡನೆಯ ಘಟ್ಟದ ದೊಡ್ಡ ಕೆಲಸ ಐದನೆಯ ಶತಮಾನದ ಕೊನೆಯ ಹೊತ್ತಿಗೆ ನಿಂತಿತ್ತು. ಮುಂಬಯಿಯ ಬಳಿಯ ಎಲಿಫೆಂಟಾದಲ್ಲಿ ಶಿವನಿಗಾಗಿ ದ್ವೀಪದ ಬೆಟ್ಟವನ್ನೇ ತೋಡಿದ್ದು ಆರನೆಯ ಶತಮಾನದಲ್ಲಿ. ಹೀಗೆ ಉಳಿ ಹಿಡಿದ ಕೈಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ ಕಾಲ ಅದು. ಆದರೆ ಬಾದಾಮಿಯವರು ಬೌದ್ಧ ವಿಹಾರದ ನಕ್ಷೆಯನ್ನು ಎತ್ತಿಕೊಳ್ಳಲಿಲ್ಲ. ನಡುವೆ ಸಭೆ, ಸುತ್ತ ಭಿಕ್ಷುಗಳ ಕೋಣೆಗಳು ಎಂಬ ಕ್ರಮ ಇಲ್ಲಿಲ್ಲ. ಇಲ್ಲಿ ಯಾರೂ ವಾಸಿಸುವುದಿಲ್ಲ, ದೇವರೊಬ್ಬನ ಹೊರತು.

ಕಲ್ಲಿನ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಡೀ ಕೆಲಸ ನಿಂತಿರುವುದು ಅದರ ಮೇಲೆ. ನಮ್ಮ ಕಡೂರು, ತರೀಕೆರೆಯ ಕಡೆ ನೆಲ ಬಗೆದರೆ ಗಟ್ಟಿ ಕಲ್ಲು ಸಿಗುತ್ತದೆ. ಗುಡ್ಡದ ಬಂಡೆಗೆ ಉಳಿ ಇಟ್ಟರೆ ಕಿಡಿ ಹಾರುತ್ತದೆ, ಒಳಗೆ ಮನೆ ಮಾಡಲು ಅದು ಬಿಡುವುದಿಲ್ಲ. ಬಾದಾಮಿಯದು ಮರಳುಗಲ್ಲು. ಹಳೆಯ ಕಾಲದ ಮರಳು ಪದರ ಪದರವಾಗಿ ಒತ್ತಿ ಗಟ್ಟಿಯಾದದ್ದು. ಭೂವಿಜ್ಞಾನಿಗಳು ಈ ಗುಹೆಗಳನ್ನೇ ನೆನೆದು ಈ ಪದರಕ್ಕೆ ಕೇವ್ ಟೆಂಪಲ್ ಅರೆನೈಟ್ ಎಂದು ಹೆಸರಿಟ್ಟಿದ್ದಾರೆ. ಪದರಗಳು ಅಡ್ಡಡ್ಡ ಮಲಗಿವೆ, ಬಿರುಕುಗಳು ನೆಟ್ಟಗೆ ನಿಂತಿವೆ. ಅದಕ್ಕೇ ಬೆಟ್ಟ ಗೋಡೆಯ ಹಾಗೆ ಸೀಳಿ ನಿಂತಿದೆ. ಅಡ್ಡ ಪದರ ಇರುವಲ್ಲಿ ಚಾವಣಿ ಸಮತಟ್ಟಾಗಿ ಬಿಡಿಸಿಕೊಳ್ಳುತ್ತದೆ. ಉಳಿಗೆ ಒಗ್ಗುವಷ್ಟು ಮೆದು, ಭಾರ ಹೊರುವಷ್ಟು ಗಟ್ಟಿ. ಬಿರುಕು ಸಿಕ್ಕಿದ ಕಡೆ ಮಾತ್ರ ಕೆಲಸ ಕೆಡುತ್ತದೆ, ಆದ್ದರಿಂದ ಬೆಟ್ಟದ ಯಾವ ಮಗ್ಗುಲನ್ನು ಮುಟ್ಟಬೇಕು ಎಂಬ ತೀರ್ಮಾನದಲ್ಲೇ ಅರ್ಧ ಕೆಲಸ ಅಡಗಿತ್ತು.

ಮನೆ ಕಟ್ಟುವವರು ಕೆಳಗಿನಿಂದ ಮೇಲೆ ಹೋಗುತ್ತಾರೆ. ಬಂಡೆ ಕಡೆಯುವವರು ಮೇಲಿನಿಂದ ಕೆಳಗೆ ಬರುತ್ತಾರೆ. ಅಜಂತಾದಲ್ಲಿ ಅರ್ಧಕ್ಕೇ ಬಿಟ್ಟ ಗುಹೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಚಾವಣಿ ಮುಗಿದಿದೆ, ಕಂಬಗಳು ಇನ್ನೂ ದಪ್ಪ ದಿಮ್ಮಿಗಳಂತೆ ನಿಂತಿವೆ, ನೆಲ ಇನ್ನೂ ಬಂಡೆಯಾಗಿಯೇ ಇದೆ. ಮೊದಲು ಮುಖವನ್ನು ನೆಟ್ಟಗೆ ಮಾಡಿಕೊಂಡು, ಚಾವಣಿಯ ಮಟ್ಟದಲ್ಲಿ ಒಳಕ್ಕೆ ಬಿಲ ತೋಡಿ, ಅದನ್ನು ಅಗಲಿಸುತ್ತ, ಕಾಲ ಕೆಳಗಿನ ಬಂಡೆಯನ್ನು ತೆಗೆಯುತ್ತ ಇಳಿಯಬೇಕು. ಹೀಗೆ ಮಾಡಿದರೆ ಸಾರುವೆ ಬೇಕಾಗುವುದಿಲ್ಲ, ನಿಂತ ಬಂಡೆಯೇ ಸಾರುವೆ. ಕಂಬ ಎಲ್ಲಿ ಬರುತ್ತದೆ, ವಿಗ್ರಹ ಎಲ್ಲಿ ಬರುತ್ತದೆ ಎಂಬುದು ಮೊದಲ ಉಳಿ ಏಟಿಗೂ ಮುಂಚೆ ತಲೆಯಲ್ಲಿರಬೇಕು. ವರಾಹನ ಮೂತಿಗೆ ಬೇಕಾದ ಕಲ್ಲನ್ನು ಮರೆತು ತೆಗೆದುಬಿಟ್ಟರೆ ಮತ್ತೆ ಅಂಟಿಸುವಂತಿಲ್ಲ. ಕಟ್ಟಡದಲ್ಲಿ ತಪ್ಪಿದ ಕಲ್ಲನ್ನು ಬದಲಾಯಿಸಬಹುದು. ಇಲ್ಲಿ ತಪ್ಪು ಮಾಡಿದರೆ ಬೆಟ್ಟವನ್ನೇ ಬದಲಾಯಿಸಬೇಕು.

ಮೂರನೆಯ ಗುಹೆಯ ಮುಖ ಸುಮಾರು 70 ಅಡಿ ಅಗಲ. ಎದುರಿಗೆ ಆರು ಚೌಕ ಕಂಬ, ಎರಡು ಬದಿಗೆ ಗೋಡೆಗೆ ಅಂಟಿದ ಅರೆಗಂಬ. ಕೆಳಗೆ ಜಗುಲಿಯ ಅಂಚಿನುದ್ದಕ್ಕೂ ಕುಣಿಯುವ, ಕಾದಾಡುವ, ನಗುವ ಕುಳ್ಳ ಗಣಗಳ ಸಾಲು. ಜಗುಲಿಯ ಪೂರ್ವದ ತುದಿಯಲ್ಲಿ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು. ಮಲಗಿದ ವಿಷ್ಣುವನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಕುಳಿತ ಭಂಗಿ ಹೊಸದಾಗಿ ಕಾಣುತ್ತದೆ, ಸಿಂಹಾಸನವೇರಿದ ಅರಸನ ಗತ್ತು ಅದರಲ್ಲಿದೆ. ಭೂದೇವಿಯನ್ನು ಎತ್ತಿದ ವರಾಹ, ನೆಟ್ಟಗೆ ನಿಂತ ನರಸಿಂಹ, ಹರಿಹರ, ಕಾಲನ್ನು ಆಕಾಶಕ್ಕೆ ಚಾಚಿದ ತ್ರಿವಿಕ್ರಮ. ವರಾಹ ಮುಂದೆ ಚಾಲುಕ್ಯರ ಲಾಂಛನವಾಯಿತು. ಮುಳುಗಿದ ಭೂಮಿಯನ್ನು ಎತ್ತುವ ದೇವರನ್ನು ಭೂಮಿ ಗೆಲ್ಲುತ್ತಿದ್ದ ಅರಸರು ಆರಿಸಿಕೊಂಡದ್ದು ಸಹಜ.

ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಚಾವಣಿ. ಕಂಬದಿಂದ ಕಂಬಕ್ಕೆ ತೊಲೆಗಳು ಹಾದಿವೆ. ತೊಲೆಗಳ ಕೆಳಗೆ ಬೋದಿಗೆ, ಬೋದಿಗೆಯಿಂದ ಹೊರಚಾಚಿದ ಕೈಯಾಸರೆಗಳಲ್ಲಿ ಮರದ ನೆರಳಿನಲ್ಲಿ ನಿಂತ ಜೋಡಿಗಳು, ಒಬ್ಬಳು ಓಲಾಡುತ್ತಿದ್ದಾಳೆ, ಒಬ್ಬ ಹಿಡಿದು ನಿಲ್ಲಿಸುತ್ತಿದ್ದಾನೆ. ತೊಲೆಗಳ ನಡುವೆ ಅಂಕಣಗಳು ಬಿದ್ದಿವೆ. ಆದರೆ ಆ ತೊಲೆ ಏನನ್ನೂ ಹೊತ್ತಿಲ್ಲ. ಮೇಲಿನ ಬೆಟ್ಟವೇ ತನ್ನನ್ನು ತಾನು ಹೊತ್ತುಕೊಂಡಿದೆ. ತೊಲೆ ಇಲ್ಲದಿದ್ದರೂ ಚಾವಣಿ ಬೀಳುತ್ತಿರಲಿಲ್ಲ. ಹಾಗಿದ್ದೂ ಅವರು ಅದನ್ನು ಬಿಡಲಿಲ್ಲ, ಏಕೆಂದರೆ ತೊಲೆಯಿಲ್ಲದ ಜಾಗ ಮನೆಯಾಗುವುದಿಲ್ಲ. ಮರದ ಮನೆಯಲ್ಲಿ ಹುಟ್ಟಿ ಬೆಳೆದ ಕಲ್ಲುಕುಟಿಗ ದೇವರಿಗೂ ಮರದ ಮನೆಯನ್ನೇ ಕಲ್ಲಿನಲ್ಲಿ ಕೊಟ್ಟ. ಅಂದಿನ ಮರದ ಮನೆಗಳು, ಅರಮನೆಗಳು ಒಂದೂ ಉಳಿದಿಲ್ಲ. ಅವು ಹೇಗಿದ್ದವೆಂದು ತಿಳಿಯಲು ಈ ಸುಳ್ಳು ತೊಲೆಗಳೇ ನಮಗೆ ದಾರಿ.

ನಾಲ್ಕು ಗುಹೆಗಳಲ್ಲಿ ಯಾವುದು ಮೊದಲು ಎಂಬ ಚರ್ಚೆ ಹಳೆಯದು. ಹದಿನೆಂಟು ಕೈಗಳ ನಟರಾಜನಿರುವ ಮೊದಲನೆಯದು, ವರಾಹ ತ್ರಿವಿಕ್ರಮರಿರುವ ಎರಡನೆಯದು, ಇವೆರಡೂ ಸಣ್ಣವು, ಕೈ ಪಳಗುತ್ತಿದ್ದಾಗಿನವು, ಆದ್ದರಿಂದ 578ಕ್ಕಿಂತ ಸ್ವಲ್ಪ ಹಿಂದಿನವು ಎನ್ನುವವರೇ ಹೆಚ್ಚು. ದೊಡ್ಡದನ್ನು ಅರಸುಮನೆತನ ಮಾಡಿಸಿದ ಮೇಲೆ ಅದನ್ನು ನೋಡಿ ಸಣ್ಣವು ಬಂದಿರಬಹುದೆಂಬ ವಾದವೂ ಇದೆ. ಜಿನರ ನಾಲ್ಕನೆಯ ಗುಹೆ ಎಲ್ಲಕ್ಕಿಂತ ಈಚಿನದೆಂಬುದರಲ್ಲಿ ಹೆಚ್ಚಿನ ಜಗಳವಿಲ್ಲ. ಐಹೊಳೆಯ ರಾವಣಫಡಿ ಗುಹೆಯ ಕಾಲದ ಬಗ್ಗೆಯೂ ಇಂಥದೇ ಎಳೆದಾಟವಿದೆ. ಅಲ್ಲಿನ ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನ ಶೈಲಿಯನ್ನು ಎಲಿಫೆಂಟಾಕ್ಕೆ ಹತ್ತಿರವೆಂದು ಕೆಲವರು ಬಾದಾಮಿಗಿಂತ ಹಿಂದಕ್ಕೆ, ಕೆಲವರು ಮುಂದಕ್ಕೆ ತಳ್ಳುತ್ತಾರೆ. ಮೊದಲನೆಯ ಗುಹೆಯ ಕಂಬಗಳನ್ನೂ ಮೂರನೆಯದರ ಕಂಬಗಳನ್ನೂ ಒಂದೇ ದಿನ ನೋಡಿದ ನನಗೆ ಮೊದಲಿನ ವಾದವೇ ಸರಿಯೆನಿಸುತ್ತದೆ. ಮೂರನೆಯದರಲ್ಲಿ ಕಾಣುವ ಧೈರ್ಯ ಮೊದಲ ಪ್ರಯತ್ನದಲ್ಲಿ ಬರುವಂಥದಲ್ಲ.

ಬೆಟ್ಟವನ್ನು ಮನೆ ಮಾಡುವ ಆಸೆ ನಮ್ಮವರಿಗಷ್ಟೇ ಇರಲಿಲ್ಲ. ಕಪ್ಪು ಸಮುದ್ರದ ಪೂರ್ವಕ್ಕೆ, ಜಾರ್ಜಿಯಾ ದೇಶದ ದಕ್ಷಿಣದಲ್ಲಿ, ಕುರಾ ನದಿಯ ದಂಡೆಯ ಎರುಶೆತಿ ಬೆಟ್ಟದಲ್ಲಿ ವಾರ್ಡ್ಜಿಯಾ ಎಂಬ ಗುಹಾಮಠವಿದೆ. ಹನ್ನೆರಡನೆಯ ಶತಮಾನದಲ್ಲಿ ದೊರೆ ಮೂರನೆಯ ಗಿಯೋರ್ಗಿ ಅದನ್ನು ಶುರುಮಾಡಿಸಿದ, ಮಗಳು ತಮಾರ್ ಬೆಳೆಸಿದಳು. ಆಕೆ ಆಳಿದ್ದು 1184ರಿಂದ 1213ರವರೆಗೆ. ಅಲ್ಲಿನವರು ಆಕೆಯನ್ನು ರಾಣಿಯೆನ್ನದೆ ‘ಮೆಪೆ’, ಅಂದರೆ ದೊರೆ ಎಂದೇ ಕರೆದರು. ಸುಮಾರು 500 ಮೀಟರ್ ಉದ್ದದ ಬೆಟ್ಟದ ಮುಖದಲ್ಲಿ, ಕೆಲವೆಡೆ ಹತ್ತೊಂಬತ್ತು ಅಂತಸ್ತುಗಳವರೆಗೆ ಕೋಣೆಗಳು. ಇಗರ್ಜಿ, ಊಟದ ಮನೆ, ನೀರು ತರುವ ಸುರಂಗ, ನೂರೆಂಬತ್ತೈದು ಮಡಕೆಗಳನ್ನು ಹೂತಿಟ್ಟ ದ್ರಾಕ್ಷಾರಸದ ಉಗ್ರಾಣಗಳು. ಮೊದಲು ಇವೆಲ್ಲ ಬೆಟ್ಟದ ಒಡಲಲ್ಲಿ ಅಡಗಿದ್ದವು, ಹೊರಗಿನಿಂದ ನೋಡುವವರಿಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. 1283ರ ಭೂಕಂಪದಲ್ಲಿ ಬೆಟ್ಟದ ಮುಖ ಕಳಚಿ ಬಿತ್ತು. ಇಂದು ಜೇನುಗೂಡನ್ನು ಸೀಳಿದಂತೆ ಕಾಣುವ ಆ ನೋಟ ಭೂಕಂಪ ಕೊಟ್ಟದ್ದು. ಸನ್ಯಾಸಿಗಳು ಆ ಮೇಲೂ ಅಲ್ಲಿಯೇ ಉಳಿದರು. 1551ರಲ್ಲಿ ಪರ್ಷಿಯಾದ ಷಾ ತಹಮಾಸ್ಪನ ದಂಡು ಕೊಳ್ಳೆ ಹೊಡೆಯಿತು. ಆ ಶತಮಾನದ ಕೊನೆಯಲ್ಲಿ ತುರ್ಕರ ಆಳ್ವಿಕೆ ಬಂದಾಗ ಮಠ ಬರಿದಾಯಿತು.

ವಾರ್ಡ್ಜಿಯಾ ಎಂಬ ಹೆಸರಿಗೆ ಅಲ್ಲಿನ ಜನ ಒಂದು ಕಥೆ ಹೇಳುತ್ತಾರೆ. ಪುಟ್ಟ ತಮಾರ್ ಚಿಕ್ಕಪ್ಪನ ಜೊತೆ ಬೇಟೆಗೆ ಬಂದು ಗುಹೆಗಳಲ್ಲಿ ದಾರಿ ತಪ್ಪಿದಳಂತೆ. ಹುಡುಕುವವರ ದನಿ ಕೇಳಿ, ಇಲ್ಲಿದ್ದೀನಿ ಚಿಕ್ಕಪ್ಪ ಎಂದು ಒಳಗಿನಿಂದ ಕೂಗಿದಳಂತೆ. ಆ ಕೂಗೇ ಊರಿನ ಹೆಸರಾಯಿತಂತೆ. ಜನರ ಬಾಯಲ್ಲಿ ಹುಟ್ಟಿದ ಕಥೆ, ಇತಿಹಾಸವಲ್ಲ. ಆದರೆ ಅದನ್ನು ಓದಿದಾಗಿನಿಂದ ಬಾದಾಮಿ ನನಗೆ ಬೇರೆಯಾಗಿಯೇ ಕೇಳಿಸುತ್ತಿದೆ, ಏಕೆಂದರೆ ಅಲ್ಲಿಯೂ ಒಬ್ಬ ಚಿಕ್ಕಪ್ಪನಿದ್ದಾನೆ.

ಮೂರನೆಯ ಗುಹೆಯ ಸಂಸ್ಕೃತ ಶಾಸನದ ಕೊನೆಗೆ ಹೋಗಿ. ದಾನದ ವಿವರ ಮುಗಿದ ಮೇಲೆ, ದಿನವೂ ಹದಿನಾರು ಬ್ರಾಹ್ಮಣರಿಗೆ, ಮಿಕ್ಕದ್ದರಲ್ಲಿ ಪರಿವ್ರಾಜಕರಿಗೆ ಊಟ ಎಂದು ಹೇಳಿದ ಮೇಲೆ ಮಂಗಲೇಶ ಒಂದು ಮಾತು ಬರೆಸಿದ್ದಾನೆ. ಸೂರ್ಯ, ಅಗ್ನಿ ಮೊದಲಾದವರ ಸಾಕ್ಷಿಯಲ್ಲಿ ನೀರೆರೆದು, ಈ ಮನೆ ಮಾಡಿಸಿದ ಪುಣ್ಯವೆಲ್ಲ ಅಣ್ಣ ಕೀರ್ತಿವರ್ಮನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ನನಗಿರಲಿ ಎನ್ನುತ್ತಾನೆ. ಇಂಥ ಮಾತನ್ನು ಆ ಕಾಲದ ಶಾಸನಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅದು ಬರೀ ಸಂಪ್ರದಾಯದ ಮಾತೆಂದು ತಳ್ಳಿಬಿಡಲು ಮನಸ್ಸು ಬರುವುದಿಲ್ಲ. ಆ ಕಾರ್ತಿಕ ಹುಣ್ಣಿಮೆಯ ದಿನ ಅವನು ಅದನ್ನು ನಂಬಿಯೇ ಹೇಳಿದ್ದನೆಂದು ನಾನು ತಿಳಿಯುತ್ತೇನೆ.

ಹತ್ತೊಂಬತ್ತು ವರ್ಷದಾಚೆ, 597ರ ಹೊತ್ತಿಗೆ ಅಣ್ಣ ತೀರಿಕೊಂಡ. ಅಣ್ಣನ ಮಗ, ಮುಂದೆ ಇಮ್ಮಡಿ ಪುಲಕೇಶಿಯಾದವನು, ಇನ್ನೂ ಚಿಕ್ಕವನು. ಮಂಗಲೇಶ ಪಟ್ಟದಲ್ಲಿ ಕುಳಿತ. ಹುಡುಗನ ಪರವಾಗಿ ಕುಳಿತನೋ, ತನಗಾಗಿಯೇ ಕುಳಿತನೋ ಎಂಬಲ್ಲಿ ಇತಿಹಾಸಕಾರರು ಇಬ್ಭಾಗವಾಗುತ್ತಾರೆ. ಆಳುವುದನ್ನಂತೂ ಅವನು ಚೆನ್ನಾಗಿ ಆಳಿದ. ಉತ್ತರದ ಕಲಚುರಿ ಬುದ್ಧರಾಜನನ್ನು ಸೋಲಿಸಿ ಅವನ ಸಂಪತ್ತನ್ನು ಮಹಾಕೂಟದ ದೇವರಿಗೆ ಅರ್ಪಿಸಿದ. ಅದನ್ನು ಸಾರುವ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಕೊಂಕಣದ ರೇವತೀದ್ವೀಪವನ್ನು ಹಡಗಿನ ದಂಡು ಕಳಿಸಿ ಹಿಡಿದ. ಹುಡುಗ ದೊಡ್ಡವನಾದ. ಚಿಕ್ಕಪ್ಪ ಪಟ್ಟ ಬಿಡಲಿಲ್ಲ, ತನ್ನ ಮಗನಿಗೆ ಕಟ್ಟಲು ನೋಡಿದ.

ಮುಂದಿನದನ್ನು ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಬರೆದಿದ್ದಾನೆ. 634ರ ಶಾಸನ, ಗೆದ್ದವನ ಆಸ್ಥಾನದ್ದು, ಆದ್ದರಿಂದ ಸೋತವನ ಪಕ್ಷ ಅದರಲ್ಲಿ ಸಿಗುವುದಿಲ್ಲ. ಚಿಕ್ಕಪ್ಪನ ಮನಸ್ಸನ್ನು ಅರಿತ ಪುಲಕೇಶಿ ದೇಶಾಂತರ ಹೋಗಿ ಬಲ ಕೂಡಿಸಿಕೊಂಡು ತಿರುಗಿ ಬಿದ್ದ. ಮಗನಿಗೆ ರಾಜ್ಯ ಕೊಡಿಸುವ ಪ್ರಯತ್ನ, ತನ್ನ ದೊಡ್ಡ ರಾಜ್ಯ, ತನ್ನ ಪ್ರಾಣ, ಈ ಮೂರನ್ನೂ ಮಂಗಲೇಶ ಒಟ್ಟಿಗೆ ಕಳೆದುಕೊಂಡ ಎನ್ನುತ್ತದೆ ಶಾಸನ. ಇದು ನಡೆದದ್ದು 609-10ರ ಸುಮಾರಿಗೆ. ಅಣ್ಣನ ಸೇವೆಯ ಫಲ ನನಗಿರಲಿ ಎಂದು ಬಂಡೆಯಲ್ಲಿ ಕೊರೆಸಿದವನನ್ನು ಅಣ್ಣನ ಮಗನೇ ಕೊಂದ. ರಾಜ್ಯ ಒಡೆಯಿತು, ಸಾಮಂತರು ಎದ್ದರು. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಭೀಮಾ ನದಿಯವರೆಗೆ ದಂಡು ತಂದರು. ಎಲ್ಲವನ್ನೂ ಮತ್ತೆ ಕೂಡಿಸಿದ ಪುಲಕೇಶಿ ಮುಂದೆ ನರ್ಮದೆಯಲ್ಲಿ ಹರ್ಷನನ್ನು ತಡೆದು ನಿಲ್ಲಿಸಿದ. ಅಷ್ಟೆಲ್ಲ ಗೆದ್ದ ಮೇಲೂ ಚಿಕ್ಕಪ್ಪನ ಆ ಬರಹವನ್ನು ಅವನು ಅಳಿಸಲಿಲ್ಲ. ಅದರಲ್ಲಿದ್ದದ್ದು ತನ್ನ ತಂದೆಯ ಪುಣ್ಯವಲ್ಲವೇ.

ಈ ಜಗಳದ ನಂತರ ಬಾದಾಮಿಯಲ್ಲಿ ಮೂರನೆಯದರಷ್ಟು ದೊಡ್ಡ ಗುಹೆ ಮತ್ತೆ ಹುಟ್ಟಲಿಲ್ಲ. ಕೆಲಸ ಬೆಟ್ಟದ ಒಳಗಿನಿಂದ ಹೊರಗೆ ಬಂತು. ಐಹೊಳೆಯಲ್ಲಿ ಮೇಗುತಿ ಎದ್ದಿತು. ಕಾಲ ಬರೆದುಕೊಂಡ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೆಯ ದೇವಾಲಯಗಳಲ್ಲಿ ಅದು ಮುಂಚೂಣಿಯದು. ಬಾದಾಮಿಯ ಉತ್ತರದ ಬೆಟ್ಟದಲ್ಲಿ ಮಾಲೆಗಿತ್ತಿ ಶಿವಾಲಯ ಎದ್ದಿತು. ಏಕೆ ಈ ತಿರುವು? ಗುಹೆಗೆ ಒಳ್ಳೆಯ ಬಂಡೆಯ ಮುಖಗಳು ಮುಗಿದಿರಬಹುದು, ಊರು ಇರುವ ಕಡೆಗೇ ದೇವರು ಬರಬೇಕೆಂಬ ಆಸೆಯಿದ್ದಿರಬಹುದು. ಮುಖ್ಯ ಕಾರಣ ಬೇರೆಯೆಂದು ನನಗನಿಸುತ್ತದೆ. ಗುಹೆಗೆ ಒಳಗಿದೆ, ಹೊರಗಿಲ್ಲ. ಶಿಖರವಿಲ್ಲ, ಪ್ರದಕ್ಷಿಣೆ ಬರುವಂತಿಲ್ಲ. ದೂರದ ಹೊಲದಿಂದ ತಲೆಯೆತ್ತಿ ನೋಡಿದವನಿಗೆ ಬೆಟ್ಟ ಕಾಣುತ್ತದೆಯೇ ಹೊರತು ದೇವರ ಮನೆ ಕಾಣುವುದಿಲ್ಲ. ಹೊರಗೆ ಬಂದಾಗ ಅವರು ಬೆಟ್ಟವನ್ನೇ ಶಿಖರವಾಗಿ ಎತ್ತಿದರು. ಒಳಗಿನ ಕ್ರಮವನ್ನು ಮಾತ್ರ ಗುಹೆಯಿಂದಲೇ ತಂದರು: ಮುಖಮಂಟಪ, ಸಭಾಮಂಟಪ, ಗರ್ಭಗುಡಿ. ಇದಕ್ಕೂ ಮುಂಚೆ ಇಟ್ಟಿಗೆ, ಮರದಲ್ಲಿ ಕಟ್ಟಿದ ಗುಡಿಗಳಿಂದಲೇ ಗುಹೆ ಈ ಕ್ರಮವನ್ನು ಪಡೆದಿತ್ತು ಎನ್ನುವವರೂ ಇದ್ದಾರೆ. ಆ ಗುಡಿಗಳು ಉಳಿಯದಿದ್ದರಿಂದ ಆ ಮಾತು ತೀರ್ಮಾನಕ್ಕೆ ಬಂದಿಲ್ಲ.

ತಮಿಳುನಾಡಿನಲ್ಲಿ ಇದೇ ಹೊತ್ತಿನಲ್ಲಿ ಪಲ್ಲವ ಮಹೇಂದ್ರವರ್ಮ ಮಂಡಗಪಟ್ಟಿನಲ್ಲಿ ಗುಹೆ ತೆಗೆಸಿ, ಇಟ್ಟಿಗೆ, ಮರ, ಲೋಹ, ಗಾರೆ ಒಂದೂ ಇಲ್ಲದೆ ಮಾಡಿಸಿದೆನೆಂದು ಹೆಮ್ಮೆಯಿಂದ ಬರೆಸಿಕೊಂಡ. ಅವನ ಮಗ ನರಸಿಂಹವರ್ಮನೇ 642ರಲ್ಲಿ ಬಾದಾಮಿಯನ್ನು ಹಿಡಿದವನು. ಪುಲಕೇಶಿ ಆ ಯುದ್ಧದಲ್ಲಿ ಮಡಿದನೆಂದು ನಂಬುತ್ತಾರೆ. ಕೆರೆಯ ಬಳಿಯ ಬಂಡೆಯ ಮೇಲೆ ನರಸಿಂಹವರ್ಮ ತನ್ನ ಆಳ್ವಿಕೆಯ ಹದಿಮೂರನೆಯ ವರ್ಷದ ಬರಹವನ್ನು ಕೊರೆಸಿದ. ವಾತಾಪಿಯನ್ನು ಗೆದ್ದವನೆಂಬ ಬಿರುದು ಹೊತ್ತ. ಸುಮಾರು ಹದಿಮೂರು ವರ್ಷ ಊರು ಪಲ್ಲವರ ಕೈಯಲ್ಲಿತ್ತು. ಪುಲಕೇಶಿಯ ಮಗ ವಿಕ್ರಮಾದಿತ್ಯ 655ರ ಹೊತ್ತಿಗೆ ಅದನ್ನು ಬಿಡಿಸಿಕೊಂಡ. ಬಂದವರು ಕಲ್ಮನೆಗೆ ಕೈ ಹಚ್ಚಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಬಂಡೆ ಕಡೆಸುವುದು ಏನೆಂದು ಬಲ್ಲ ಮನೆತನ ಅದು. ಮಾಮಲ್ಲಪುರದ ಹೆಸರೇ ನರಸಿಂಹವರ್ಮನ ಬಿರುದಿನಿಂದ ಬಂದದ್ದು.

ಎಂಟನೆಯ ಶತಮಾನದಲ್ಲಿ ಚಾಲುಕ್ಯರು ಕಂಚಿಯನ್ನು ಗೆದ್ದಾಗ ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಕನ್ನಡ ಶಾಸನದಲ್ಲಿ ಗೌರವದಿಂದ ನಿಂತಿದೆ. ಆಮೇಲೆ ಆದದ್ದು ವಿಚಿತ್ರ. ಚಾಲುಕ್ಯರನ್ನು ಮುರಿದ ರಾಷ್ಟ್ರಕೂಟರು ಎಲ್ಲೋರಾದಲ್ಲಿ ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ ಕೈಲಾಸನಾಥವನ್ನು ಬಿಡಿಸಿದರು, ಬಹುಪಾಲು ಒಂದನೆಯ ಕೃಷ್ಣನ ಕಾಲದಲ್ಲಿ. ಅದರ ನಕ್ಷೆಗೆ ಮಾದರಿಯಾದದ್ದು ಪಟ್ಟದಕಲ್ಲಿನ ವಿರೂಪಾಕ್ಷ. ಮನೆಯನ್ನು ನೋಡಿ ಬಂಡೆ ಕಡೆದದ್ದು ಬಾದಾಮಿ. ಬಂಡೆಯಲ್ಲಿ ಕಲಿತು ಕಟ್ಟಿದ್ದು ಪಟ್ಟದಕಲ್ಲು. ಕಟ್ಟಿದ್ದನ್ನು ನೋಡಿ ಮತ್ತೆ ಬಂಡೆ ಕಡೆದದ್ದು ಎಲ್ಲೋರಾ. ಈ ಬಾರಿ ಹೊರಗೂ ಇತ್ತು, ಶಿಖರವೂ ಇತ್ತು, ಸುತ್ತ ಬರಲು ಅಂಗಳವೂ ಇತ್ತು.

ಬಾದಾಮಿ ಆಮೇಲೆ ರಾಜಧಾನಿಯಾಗಲಿಲ್ಲ. ಕೋಟೆಯಾಗಿ ಮಾತ್ರ ಉಳಿಯಿತು. ವಿಜಯನಗರದ ಮೊದಲ ವರ್ಷಗಳಲ್ಲಿ ಅದನ್ನು ಭದ್ರಪಡಿಸಿದರು. ಆದಿಲಶಾಹಿಗಳು ಬಂದರು, ಮರಾಠರು ಬಂದರು. 1786ರಲ್ಲಿ ಟಿಪ್ಪುವಿನ ಕೈಯಿಂದ ಮರಾಠರೂ ನಿಜಾಮನೂ ಸೇರಿ ಕಿತ್ತುಕೊಂಡರು, 1818ರಲ್ಲಿ ಇಂಗ್ಲಿಷರ ಮನ್ರೋ ಹಿಡಿದ. ಗುಂಡು ಹಾರಿದ್ದು ಬೆಟ್ಟದ ನೆತ್ತಿಯಲ್ಲಿ; ಕಲ್ಮನೆಗಳು ಅದೇ ಬೆಟ್ಟದ ಎದೆಯಲ್ಲಿ ಸುಮ್ಮನೆ ಕುಳಿತಿದ್ದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬಂದು ಅಳತೆ ಮಾಡಿ ವರದಿ ಬರೆದ. ಶಾಸನತಜ್ಞ ಫ್ಲೀಟ್ ಬರಹಗಳನ್ನು ಓದಿ ಅಚ್ಚು ಹಾಕಿಸಿದ. ಶತಮಾನಗಳ ಕಾಲ ಮರೆತುಹೋಗಿದ್ದ ‘ಕಲ್ಮನೆ’ ಎಂಬ ಪದ ಮತ್ತೆ ಕಣ್ಣಿಗೆ ಬಿದ್ದದ್ದು ಹಾಗೆ.

ಮೂರನೆಯ ಗುಹೆಯಲ್ಲಿ ಬಣ್ಣವಿತ್ತೆಂಬುದನ್ನು ಹೆಚ್ಚಿನವರು ಗಮನಿಸದೆ ಇಳಿದುಬರುತ್ತಾರೆ. ಸೂರಿನ ಕೆಳಗಿನ ಬಾಗಿದ ಮೈಯಲ್ಲಿ ಸುಣ್ಣದ ಲೇಪದ ಮೇಲೆ ಬರೆದ ಚಿತ್ರಗಳ ಚೂರುಗಳು ಉಳಿದಿವೆ. 1930ರ ದಶಕದಲ್ಲಿ ಸ್ಟೆಲ್ಲಾ ಕ್ರಾಮ್ರಿಷ್ ಅವುಗಳನ್ನು ಲೋಕಕ್ಕೆ ತಿಳಿಸಿದರು. ಒಂದು ಚೂರಿನಲ್ಲಿ ಅರಸನ ಸಭೆ, ನೃತ್ಯ, ಕುಳಿತವನ ಸುತ್ತ ಹೆಂಗಸರು. ಅವನು ಕೀರ್ತಿವರ್ಮನೇ ಇರಬಹುದೆಂದು ಸಿ. ಶಿವರಾಮಮೂರ್ತಿ ಊಹಿಸಿದರು, ಬೇರೆಯವರು ಇಂದ್ರನ ಸಭೆಯೆನ್ನುತ್ತಾರೆ. ಶಿವರಾಮಮೂರ್ತಿಯವರ ಊಹೆ ನಿಜವಾಗಿರಲಿ ಎಂದು ನಾನು ಆಶಿಸುತ್ತೇನೆ. ತಮ್ಮ ಪುಣ್ಯ ಕೊಟ್ಟ ಮನೆಯಲ್ಲಿ ಅಣ್ಣನ ಮುಖ ಇರಬೇಕಾದದ್ದೇ.

ಕಡೂರಿಗೆ ಹಿಂತಿರುಗಿದ ವಾರದಲ್ಲೇ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿದ್ದೆ. ಅಮೃತೇಶ್ವರ ದೇವಾಲಯವನ್ನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ. 1196 ಅಂದರೆ ಜಾರ್ಜಿಯಾದಲ್ಲಿ ತಮಾರ್ ಆಳುತ್ತಿದ್ದಳು, ವಾರ್ಡ್ಜಿಯಾದ ಕೆಲಸ ಇನ್ನೂ ನಡೆಯುತ್ತಿತ್ತು. ಅತ್ತ ಬೆಟ್ಟದ ಒಳಕ್ಕೆ ಉಳಿ ಇಳಿಯುತ್ತಿದ್ದ ವರ್ಷವೇ ಇತ್ತ ಬಯಲಲ್ಲಿ ಬಳಪದ ಕಲ್ಲು ಮೇಲೇರುತ್ತಿತ್ತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ, ಮುಖ ಕಾಣುವಷ್ಟು ನುಣುಪು. ಮುಂದೆ ತೆರೆದ ಮಂಟಪ, ಒಳಗೆ ನವರಂಗ, ಹಿಂದೆ ಗರ್ಭಗುಡಿ. ಬಾದಾಮಿಯ ಜಗುಲಿ, ನಡುಮನೆ, ದೇವರ ಕೋಣೆಯೇ ಆರುನೂರು ವರ್ಷ ನಡೆದು ನಮ್ಮೂರ ಹತ್ತಿರ ಬಂದು ನಿಂತಿತ್ತು. ಅಲ್ಲಿನ ಕನ್ನಡ ಶಾಸನ ಕವಿ ಜನ್ನನ ರಚನೆ.

ಮಂಟಪದಲ್ಲಿ ನಿಂತು ತಲೆಯೆತ್ತಿದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ನಡುವೆ ಅಂಕಣ, ಒಂದೊಂದು ಅಂಕಣಕ್ಕೂ ಒಂದೊಂದು ಹೂವಿನ ಭುವನೇಶ್ವರಿ. ಇಲ್ಲಿ ತೊಲೆ ನಿಜವಾಗಿಯೂ ಹೊತ್ತಿತ್ತು. ಒಂದು ಕಲ್ಲು ಜಾರಿದರೆ ಚಾವಣಿ ಬೀಳುತ್ತದೆ. ಬಾದಾಮಿಯ ಬಂಡೆಯ ಮೇಲೆ ಕೊಳಿಮಂಚಿ ಎಂಬ ಹೆಸರೊಂದನ್ನು ಕೊರೆದಿದ್ದಾರೆ, ಅವನು ಕಲ್ಲುಕುಟಿಗನೋ ಬಂದುಹೋದ ಯಾತ್ರಿಕನೋ ಎಂದು ಓದಿದವರು ವಾದಿಸುತ್ತಾರೆ. ಅಮೃತಾಪುರದಲ್ಲಿ ಆ ಅನುಮಾನವಿಲ್ಲ. ಮುಂದೆ ಸೋಮನಾಥಪುರದವರೆಗೂ ಕೆಲಸ ಮಾಡಿದ ಮಲ್ಲಿತಮ್ಮ ತನ್ನ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊರೆದಿದ್ದಾನೆ.